ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ

“ನಿಮ್ಮ ಪುಟ ಓಪನ್ ಆಗ್ಲೇ ಇಲ್ರಪಾ. ಹಂಗಾದ್ರ ನೀರು ಬಿಟ್ಟಿಲ್ಲ ಅಂತ ತಿಳ್ಕೊಂಡು ಮಕ್ಕೊಂಡೆ.”

ಮಲಪ್ರಭಾ ದಂಡೆಯ ಊರಿನ ಕಾಕಾ ಒಬ್ಬರು ನಮಗೆ ಹೇಳಿದ ಮಾತು ಇದು. ಅವರು ಬೆಳಿಗ್ಗೆ ಎದ್ದು ಹೋಗಿ ನೋಡಿದಾಗ ಹೊಳೆಯಂಚಿನಲ್ಲಿದ್ದ ಮೋಟಾರು, ಸ್ಟಾರ್ಟರ್ ಡಬ್ಬಿ ಎರಡೂ ನೀರೊಳಗೆ ಮುಳುಗಿದ್ದವು.

ನಾವು ಅವರ ತೋಟದ ಮನೆಗೆ ಹೋದಾಗ ಮೋಟಾರು ಅಂಗಳದಲ್ಲಿ ಕೆಸರು ಸುರಿಸುತ್ತ ಕೂತಿತ್ತು. ಕಾಕಾ ಬೈಯಲಿಲ್ಲ. ಬೈದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು. ಚಹಾ ಕೊಟ್ಟರು. ತಪ್ಪು ಎಲ್ಲಾಯಿತು ಎಂದು ಹುಡುಕಿ, ಮುಚ್ಚಿಡದೆ ಬರೆಯುತ್ತೇವೆ ಎಂದು ಅವರಿಗೆ ಮಾತು ಕೊಟ್ಟು ಬಂದೆವು. ಆ ಮಾತಿನಂತೆ ಇದನ್ನು ಬರೆಯುತ್ತಿದ್ದೇವೆ.

ನಡುವೆ ಸ್ವಲ್ಪ ಕಂಪ್ಯೂಟರ್ ವಿಷಯ ಬರುತ್ತದೆ. ಹೆದರಬೇಡಿ. ಊರಿಗೆ ಬಂದ ಅಪರಿಚಿತರಿಗೆ ನೀವು ಒಮ್ಮೆಯಾದರೂ ಮನೆ ತೋರಿಸಿದ್ದರೆ ಸಾಕು, ಎಲ್ಲವೂ ತಿಳಿಯುತ್ತದೆ.

ನೀರಿನ ಪುಟ ಮತ್ತು ಕರಡಿ

ಹೊಸದಾಗಿ ಓದುತ್ತಿರುವವರಿಗೆ ಒಂದಿಷ್ಟು ಹಿನ್ನೆಲೆ. ನಾವು ಐದು ಜನ ಪತ್ರಿಕೋದ್ಯಮ ಓದಿ, ಊರಿಗೇ ವಾಪಸ್ ಬಂದು ಈ ಬ್ಲಾಗ್ ನಡೆಸುತ್ತಿದ್ದೇವೆ. ಇಲ್ಲಿ ಹೆಚ್ಚು ಜನ ಓದುವುದು ನಮ್ಮ ಉದ್ದುದ್ದ ಲೇಖನಗಳನ್ನಲ್ಲ ಎಂಬುದು ನಮಗೆ ಗೊತ್ತಿದೆ. ಮಳೆಗಾಲದಲ್ಲಿ ಎಲ್ಲರೂ ನೋಡುವುದು ‘ನೀರಿನ ಪುಟ’. ನವಿಲುತೀರ್ಥದ ಜಲಾಶಯಕ್ಕೆ ಎಷ್ಟು ನೀರು ಬರುತ್ತಿದೆ, ಹೊಳೆಗೆ ಎಷ್ಟು ಬಿಡುತ್ತಿದ್ದಾರೆ ಎಂಬ ಎರಡು ಅಂಕಿ ಅದರಲ್ಲಿ ಇರುತ್ತವೆ.

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. ಸಾವಿರ ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ 28 ಸಾವಿರ ಲೀಟರ್. ಈ ಅಂಕಿ ಏರಿತೆಂದರೆ ಹೊಳೆಗೆ ಮೋಟಾರು ಇಳಿಸಿದವರು ಎತ್ತಿ ಮೇಲೆ ತರಬೇಕು, ಪೈಪು ಬಿಚ್ಚಬೇಕು, ದಂಡೆಯಲ್ಲಿ ಕಟ್ಟಿದ ಎಮ್ಮೆ ಹೊಡೆದುಕೊಂಡು ಬರಬೇಕು. ಹಾಗಾಗಿ ಆ ಪುಟ ರಾತ್ರಿ ಹನ್ನೊಂದಕ್ಕೂ ತೆರೆಯಬೇಕು, ಬೆಳಗಿನ ಜಾವ ನಾಲ್ಕಕ್ಕೂ ತೆರೆಯಬೇಕು.

ಬ್ಲಾಗ್ ಇರುವುದು ಬಾಡಿಗೆಗೆ ಪಡೆದ ಸರ್ವರಿನಲ್ಲಿ. ಸರ್ವರ್ ಅಂದರೆ ಹಗಲು ರಾತ್ರಿ ಚಾಲೂ ಇದ್ದು, ಕೇಳಿದವರಿಗೆ ಪುಟ ಕೊಡುವ ಕಂಪ್ಯೂಟರ್. ನಮ್ಮದು ದೂರದ ನಗರದಲ್ಲೆಲ್ಲೋ ಇದೆ. ಅದು ನಿಂತುಹೋದರೆ ನಮಗೆ ಗೊತ್ತಾಗಬೇಕಲ್ಲ? ದುಡ್ಡು ಕೊಟ್ಟರೆ ಕಾಯುವ ಕಂಪನಿಗಳಿವೆ. ನಮ್ಮ ಹತ್ತಿರ ದುಡ್ಡಿರಲಿಲ್ಲ, ಪರದೆ ಅರ್ಧ ಕಪ್ಪಾದ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಅದರಲ್ಲಿ ‘ಅಪ್‌ಟೈಮ್ ಕೂಮಾ’ ಎಂಬ ಸಾಫ್ಟ್‌ವೇರ್ ಹಾಕಿದೆವು. 2021ರಲ್ಲಿ ಬಂದ ಇದು ಪುಕ್ಕಟೆ. ಯಾರು ಬೇಕಾದರೂ ತಮ್ಮ ಮನೆಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬಹುದು. ಕೂಮಾ ಅಂದರೆ ಜಪಾನಿ ಭಾಷೆಯಲ್ಲಿ ಕರಡಿ. ನಾವೂ ಅದನ್ನು ಕರಡಿ ಅಂತಲೇ ಕರೆಯುತ್ತೇವೆ.

ಕರಡಿಯ ಕೆಲಸ ಸರಳ. ನಿಮಿಷಕ್ಕೊಮ್ಮೆ ನಮ್ಮ ಬ್ಲಾಗಿನ ಬಾಗಿಲು ತಟ್ಟುತ್ತದೆ. ಉತ್ತರ ಬಂದರೆ ಒಂದು ಹಸಿರು ಗೆರೆ. ಬರದಿದ್ದರೆ ಕೆಂಪು ಗೆರೆ, ಜೊತೆಗೆ ನಮ್ಮ ಫೋನಿಗೆ ಟೆಲಿಗ್ರಾಂ ಸಂದೇಶ. ನಿಮಿಷಕ್ಕೊಂದರಂತೆ ದಿನಕ್ಕೆ 1440 ಸಲ. ಹಾಕಿದ ದಿನ ನಮಗೆ ಬಹಳ ಖುಷಿಯಾಗಿತ್ತು. ಸಂಬಳ ಕೇಳದ ಕಾವಲುಗಾರ ಸಿಕ್ಕ ಎಂದುಕೊಂಡಿದ್ದೆವು.

ಅಗಸಿಯ ಚಹಾದಂಗಡಿ

ಬಾಗಿಲು ತಟ್ಟಬೇಕಾದರೆ ಮೊದಲು ಮನೆ ಎಲ್ಲಿದೆ ಎಂದು ಗೊತ್ತಾಗಬೇಕು. ನಾವು ಎಡವಿದ್ದು ಇಲ್ಲಿಯೇ.

ನಾವು ಬ್ಲಾಗಿನ ಹೆಸರು ಒತ್ತುತ್ತೇವೆ. ಆದರೆ ಕಂಪ್ಯೂಟರುಗಳು ಒಂದನ್ನೊಂದು ಹುಡುಕುವುದು ಸಂಖ್ಯೆ ಹಿಡಿದು. ಹೆಸರು ಕೊಟ್ಟು ಸಂಖ್ಯೆ ಕೇಳುವ ಕೆಲಸ ಪ್ರತಿ ಸಲವೂ ಮೊದಲು ನಡೆಯಬೇಕು. ಇದಕ್ಕೆ ಇರುವ ವ್ಯವಸ್ಥೆಯೇ ಡಿಎನ್‌ಎಸ್.

ನಮ್ಮ ಕಡೆ ಒಂದೂರಿನಲ್ಲಿ ಬಸವರಾಜ ಎಂಬ ಹೆಸರಿನವರು ಹತ್ತು ಜನ ಇರುತ್ತಾರೆ. ಬಸ್ಸಿಳಿದವರು ಅಗಸಿ ಹತ್ತಿರದ ಚಹಾದಂಗಡಿಯಲ್ಲಿ ಕೇಳುತ್ತಾರೆ. ಅಂಗಡಿಯವನಿಗೆ ಗೊತ್ತಿದ್ದರೆ ಕೂಡಲೇ ಹೇಳುತ್ತಾನೆ. ಗೊತ್ತಿಲ್ಲದಿದ್ದರೆ ಓಣಿಯ ಹಿರಿಯರನ್ನು ಕೇಳಿ ಬಂದು ಹೇಳುತ್ತಾನೆ. ಇಂಟರ್‌ನೆಟ್‌ನಲ್ಲೂ ಹೀಗೇ. ನಿಮ್ಮ ಫೋನು ಸಿಮ್ ಕಂಪನಿಯ ಚಹಾದಂಗಡಿಯನ್ನು ಕೇಳುತ್ತದೆ. ಅದಕ್ಕೆ ಗೊತ್ತಿಲ್ಲದಿದ್ದರೆ ಅದು ಮೇಲಿನವರನ್ನು ಕೇಳುತ್ತದೆ. ಎಲ್ಲಕ್ಕಿಂತ ಮೇಲೆ ‘ರೂಟ್’ ಎಂಬ ಹಿರಿಯರಿದ್ದಾರೆ, ಅವರಿಗೆ ಎ ಯಿಂದ ಎಂ ವರೆಗೆ 13 ಹೆಸರು. ಅವರು ‘ಡಾಟ್ ಇನ್’ ನೋಡಿಕೊಳ್ಳುವವರ ಕಡೆ ಕಳಿಸುತ್ತಾರೆ, ಅವರು ನಮ್ಮ ಬ್ಲಾಗಿನ ಹೆಸರು ಬರೆದಿಟ್ಟವರ ಕಡೆ ಕಳಿಸುತ್ತಾರೆ. ಇಷ್ಟೆಲ್ಲ ಸಾಮಾನ್ಯವಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ.

ಮೊದಲು ಇಷ್ಟು ದೊಡ್ಡ ವ್ಯವಸ್ಥೆ ಇರಲಿಲ್ಲ. ಕಂಪ್ಯೂಟರುಗಳು ಕಡಿಮೆ ಇದ್ದ ಕಾಲದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರ ಹೆಸರು, ಸಂಖ್ಯೆ ಬರೆದ ಒಂದೇ ಪಟ್ಟಿ ಇತ್ತು. ಅದನ್ನು ಎಲ್ಲರೂ ನಕಲು ಮಾಡಿಕೊಳ್ಳುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಾದಂತೆ ಪಟ್ಟಿ ಸಂಭಾಳಿಸುವುದು ಕಷ್ಟವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬುವರು ಡಿಎನ್‌ಎಸ್ ರೂಪಿಸಿದರು. ಆದರೆ ಆ ಹಳೆಯ ಪಟ್ಟಿಯ ಮರಿಯೊಂದು ಇಂದಿಗೂ ಪ್ರತಿ ಕಂಪ್ಯೂಟರಿನಲ್ಲಿ ಉಳಿದಿದೆ. ಅದರ ಹೆಸರು ‘ಹೋಸ್ಟ್ಸ್’ ಕಡತ. ಅದರಲ್ಲಿ ನೀವು ಕೈಯಾರೆ ಒಂದು ಹೆಸರು, ಸಂಖ್ಯೆ ಬರೆದಿಟ್ಟರೆ ಕಂಪ್ಯೂಟರು ಸಾಮಾನ್ಯವಾಗಿ ಚಹಾದಂಗಡಿಗೆ ಹೋಗುವುದೇ ಇಲ್ಲ. ಈ ಕಡತವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇನ್ನೊಂದು ಮಾತು. ಚಹಾದಂಗಡಿಯವನು ಒಮ್ಮೆ ಕೇಳಿ ತಿಳಿದದ್ದನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತಾನೆ. ಎಷ್ಟು ಹೊತ್ತು ಎಂಬುದನ್ನು ಹೆಸರಿನ ಮಾಲೀಕರೇ ಬರೆದಿರುತ್ತಾರೆ. ಅದಕ್ಕೆ ಟಿಟಿಎಲ್ ಎನ್ನುತ್ತಾರೆ. ನಮ್ಮ ಬ್ಲಾಗಿನ ಹೆಸರಿಗೆ ಅದು 86,400 ಸೆಕೆಂಡ್ ಇತ್ತು. ಅಂದರೆ ಪೂರ್ತಿ ಒಂದು ದಿನ. ನಾವು ಅದನ್ನು ನೋಡಿಯೇ ಇರಲಿಲ್ಲ.

ಸುಳ್ಳು ಕೆಂಪು

ಕರಡಿ ಕೆಲಸಕ್ಕೆ ಸೇರಿದ ವಾರದಲ್ಲೇ ರಾತ್ರಿ ಸಂದೇಶಗಳು ಶುರುವಾದವು. ಬ್ಲಾಗ್ ಬಿದ್ದಿದೆ! ನಾವು ಗಾಬರಿಯಿಂದ ಎದ್ದು ಫೋನಿನಲ್ಲಿ ತೆರೆದರೆ ಬ್ಲಾಗ್ ಆರಾಮಾಗಿ ತೆರೆಯುತ್ತಿತ್ತು. ನಿಮಿಷದ ನಂತರ ಇನ್ನೊಂದು ಸಂದೇಶ, ಬ್ಲಾಗ್ ಎದ್ದಿದೆ. ಕೆಲವು ರಾತ್ರಿ ಎರಡು ಸಲ, ಕೆಲವು ರಾತ್ರಿ ಐದು ಸಲ.

ಸರ್ವರ್ ಬಾಡಿಗೆ ಕೊಟ್ಟವರಿಗೆ ಸಿಟ್ಟಿನಿಂದ ಬರೆದೆವು. ಎಲ್ಲ ಸರಿಯಿದೆ ಎಂದು ಅವರು ಉತ್ತರಿಸಿದರು. ನಾವು ನಂಬಲಿಲ್ಲ. ಸಂದೇಶದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಬರೆದಿರುತ್ತಿತ್ತು. ಅದನ್ನು ಯಾರೂ ಓದಿರಲಿಲ್ಲ. ಸುದ್ದಿಯ ಕೊನೆಯ ಸಾಲನ್ನೂ ಓದಬೇಕು ಎಂದು ಕಲಿತು ಬಂದವರು ನಾವು!

ಒಂದು ದಿನ ಕುಳಿತು ಓದಿದೆವು. ಅಲ್ಲಿ ‘ಇ ಎ ಐ ಅಗೇನ್’ ಅಂತ ಇತ್ತು. ಕೆಂಪು ಗೆರೆಯ ಹಿಂದೆ ಏನೇನು ಇರಬಹುದು ಎಂದು ಹುಡುಕಿದಾಗ ಮುಖ್ಯವಾಗಿ ನಾಲ್ಕು ಸಿಕ್ಕವು.

‘ಇ ನಾಟ್ ಫೌಂಡ್’: ಚಹಾದಂಗಡಿಯವನು ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದ.

‘ಇ ಎ ಐ ಅಗೇನ್’: ಅಂಗಡಿಯಿಂದ ಉತ್ತರವೇ ಬರಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಬೇಕು.

‘ಕನೆಕ್ಷನ್ ರೆಫ್ಯೂಸ್ಡ್’: ಮನೆ ಸಿಕ್ಕಿತು, ಆದರೆ ಒಳಗೆ ಬಿಡಲಿಲ್ಲ.

‘ಟೈಮ್ಡ್ ಔಟ್’: ಬಾಗಿಲು ತಟ್ಟಿ ತಟ್ಟಿ ಕಾದರೂ ಯಾರೂ ಓಗೊಡಲಿಲ್ಲ.

ಮೊದಲ ಎರಡರಲ್ಲಿ ಕರಡಿ ನಮ್ಮ ಮನೆಯ ಹತ್ತಿರವೇ ಹೋಗಿರುವುದಿಲ್ಲ. ಆದರೂ ನಾಲ್ಕಕ್ಕೂ ಗೆರೆಯ ಬಣ್ಣ ಕೆಂಪೇ. ನಾವು ಬಣ್ಣ ನೋಡಿ ಸರ್ವರನ್ನು ಬೈದಿದ್ದೆವು.

ಹಾಗಾದರೆ ಚಹಾದಂಗಡಿ ಯಾವುದು? ನಮ್ಮ ಕೋಣೆಯ ಮೂಲೆಯಲ್ಲಿದ್ದ ಸಣ್ಣ ರೌಟರ್. ಲ್ಯಾಪ್‌ಟಾಪು ಹೆಸರು ಕೇಳುತ್ತಿದ್ದದ್ದು ಅದನ್ನೊಂದನ್ನೇ. ರಾತ್ರಿ ಕಟ್ಟಡದವರೆಲ್ಲ ಅದೇ ವೈಫೈನಲ್ಲಿ ವಿಡಿಯೋ ನೋಡುವಾಗ ಅದು ಆಗಾಗ ಉತ್ತರ ಕೊಡುವುದನ್ನೇ ಬಿಡುತ್ತಿತ್ತು. 1440 ಸಲದಲ್ಲಿ ಒಂದು ಸಲ ತಪ್ಪಿದರೂ ಸಾಕು, ನಾವು ಎದ್ದು ಕೂರಬೇಕು. ನಮ್ಮ ಫೋನು ಮಾತ್ರ ಸಿಮ್ ಕಂಪನಿಯ ಅಂಗಡಿಯಲ್ಲಿ ಕೇಳುತ್ತಿತ್ತು. ಅದಕ್ಕೇ ಅದರಲ್ಲಿ ಎಲ್ಲ ಸರಿ ಕಾಣುತ್ತಿತ್ತು.

ಇನ್ನೂ ಒಂದು ವಿಚಿತ್ರ ಕಂಡೆವು. ಕರೆಂಟ್ ಹೋದ ರಾತ್ರಿಗಳಲ್ಲಿ ಪಟ್ಟಿಯಲ್ಲಿ ಸಾಲಾಗಿ ಕೆಂಪು ಗೆರೆ ಇದ್ದವು, ಆದರೆ ಫೋನಿಗೆ ಒಂದೂ ಸಂದೇಶ ಬಂದಿರಲಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ರೌಟರ್ ಆರಿತ್ತು. ಟೆಲಿಗ್ರಾಂಗೆ ಸಂದೇಶ ಕಳಿಸಲು ಕರಡಿಗೆ ದಾರಿಯೂ ಇರಲಿಲ್ಲ, ಟೆಲಿಗ್ರಾಂನ ವಿಳಾಸ ಕೇಳಲು ಅಂಗಡಿಯೂ ಇರಲಿಲ್ಲ.

ಕೋಣೆಯಲ್ಲಿ ಇನ್ನೊಂದು ಸಣ್ಣ ಕಂಪ್ಯೂಟರ್ ಇತ್ತು, ಫೋಟೋಗಳ ನಕಲು ಇಡಲು. ಅದಕ್ಕೆ ‘ಪೆಟ್ಟಿಗೆ ಡಾಟ್ ಲೋಕಲ್’ ಎಂದು ಹೆಸರಿಟ್ಟಿದ್ದೆವು. ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಆ ಹೆಸರು ಒತ್ತಿದರೆ ತೆರೆಯುತ್ತಿತ್ತು. ಅದೇ ಲ್ಯಾಪ್‌ಟಾಪಿನಲ್ಲಿದ್ದ ಕರಡಿಗೆ ಕೊಟ್ಟರೆ ‘ಇ ನಾಟ್ ಫೌಂಡ್’. ಇದಕ್ಕೂ ಕಾರಣವಿತ್ತು. ಡಾಟ್ ಲೋಕಲ್ ಹೆಸರುಗಳನ್ನು ಯಾವ ಅಂಗಡಿಯಲ್ಲೂ ಕೇಳುವುದಿಲ್ಲ. ಮನೆಯೊಳಗೆ ನಿಂತು “ಪೆಟ್ಟಿಗೆ ಯಾರ್ರೀ?” ಎಂದು ಕೂಗಿದರೆ ಅದೇ ಓಗೊಡುತ್ತದೆ. ಕರಡಿಯನ್ನು ನಾವು ‘ಡಾಕರ್’ ಎಂಬ ವ್ಯವಸ್ಥೆಯಲ್ಲಿ ಹಾಕಿದ್ದೆವು. ಅದು ಲ್ಯಾಪ್‌ಟಾಪಿನೊಳಗೇ ಗೋಡೆ ಕಟ್ಟಿದ ಪ್ರತ್ಯೇಕ ಕೋಣೆ ಇದ್ದಂತೆ. ಒಳಗಿನ ಕೂಗು ಹೊರಗೆ ಕೇಳುವುದಿಲ್ಲ. ಅಲ್ಲಿ ಹೆಸರು ಕೇಳಲು ಕೋಣೆಯದೇ ಒಂದು ಕಿಟಕಿ ಇರುತ್ತದೆ. ಅದರ ಸಂಖ್ಯೆ 127.0.0.11. ಒಂದೇ ಯಂತ್ರದಲ್ಲಿ ಕೂತಿದ್ದರೂ ಬ್ರೌಸರಿಗೆ ಸಿಗುವ ಹೆಸರು ಕರಡಿಗೆ ಸಿಗದಿರಬಹುದು ಎಂಬುದು ನಮಗೆ ಅಂದೇ ತಿಳಿದದ್ದು.

ಅಡ್ಡದಾರಿ

ಇಷ್ಟು ತಿಳಿದ ಮೇಲೆ ಸರಿದಾರಿ ಹಿಡಿಯಬೇಕಿತ್ತು. ನಾವು ಅಡ್ಡದಾರಿ ಹಿಡಿದೆವು.

ನಮ್ಮಲ್ಲೊಬ್ಬ ಹೇಳಿದ, “ಹೆಸರು ಕೇಳೂದರಾಗ ತ್ರಾಸ ಅದಲ್ಲ, ಹಂಗಾದ್ರ ಕೇಳೂದೇ ಬ್ಯಾಡ. ನಂಬರ್ ನಾವೇ ಬರದು ಕೊಡೂಣು.” ಎಲ್ಲರಿಗೂ ಸರಿ ಅನ್ನಿಸಿತು. ಲ್ಯಾಪ್‌ಟಾಪಿನ ಹೋಸ್ಟ್ಸ್ ಕಡತದಲ್ಲಿ ಬರೆದೆವು. ಡಾಕರ್ ಕೋಣೆಗೆ ಅದು ಕಾಣಲಿಲ್ಲ. ಆ ಕೋಣೆಗೆ ಬೇರೆಯದೇ ಹೋಸ್ಟ್ಸ್ ಕಡತ ಇರುತ್ತದೆ. ಹುಡುಕಿ ಹುಡುಕಿ ‘ಎಕ್ಸ್‌ಟ್ರಾ ಹೋಸ್ಟ್ಸ್’ ಎಂಬ ಸಾಲಿನಲ್ಲಿ ಬ್ಲಾಗಿನ ಹೆಸರು, ಸಂಖ್ಯೆ ಬರೆದೆವು.

ಅಂದು ರಾತ್ರಿಯಿಂದ ಸುಳ್ಳು ಸಂದೇಶ ನಿಂತಿತು. ಬೆಳಿಗ್ಗೆ ನೋಡಿದರೆ ಪಟ್ಟಿ ತುಂಬ ಹಸಿರು, ಮಳೆ ಬಿದ್ದ ಹೊಲದ ಹಾಗೆ. ಗೆದ್ದೆವು ಎಂದುಕೊಂಡೆವು.

ಈಗ ಯೋಚಿಸಿದರೆ ನಾವು ಮಾಡಿದ್ದು ಇಷ್ಟು. ಊರಿಗೆ ಬರುವ ಜನರಿಗೆ ದಾರಿ ಸಿಗುತ್ತಿದೆಯೋ ಇಲ್ಲವೋ ನೋಡಿ ಹೇಳು ಎಂದು ಕಾವಲುಗಾರನನ್ನು ಇಟ್ಟು, ಅವನಿಗೆ ಮಾತ್ರ ಹಿತ್ತಲಿನಿಂದ ಒಂದು ಬಾಗಿಲು ಮಾಡಿಕೊಟ್ಟೆವು. ಅವನಿಗೆ ದಾರಿ ಯಾವಾಗಲೂ ಸಿಗುತ್ತಿತ್ತು. ಜನ ಬರುವ ದಾರಿಯನ್ನು ಅವನು ನೋಡುವುದನ್ನೇ ಬಿಟ್ಟಿದ್ದ.

ಆ ರಾತ್ರಿ

ಆಗಸ್ಟಿನಲ್ಲಿ ಬಾಡಿಗೆ ಕಡಿಮೆ ಇರುವ ಬೇರೆ ಸರ್ವರಿಗೆ ಹೋಗೋಣ ಎಂದು ತೀರ್ಮಾನಿಸಿದೆವು. ಒಂದು ಮಧ್ಯಾಹ್ನ ಪುಟಗಳನ್ನೆಲ್ಲ ಹೊಸ ಸರ್ವರಿಗೆ ಸಾಗಿಸಿ, ಡಿಎನ್‌ಎಸ್‌ನಲ್ಲಿ ಹೊಸ ಸಂಖ್ಯೆ ಬರೆದೆವು. ಕರಡಿಯ ಕಡತದಲ್ಲೂ ಹೊಸ ಸಂಖ್ಯೆ ಬರೆದೆವು. ಕರಡಿ ಹಸಿರು ತೋರಿಸಿತು. ಎಲ್ಲ ಆಯಿತು ಎಂದು ಹಳೆಯ ಸರ್ವರನ್ನು ಸಂಜೆಯೇ ಬಂದ್ ಮಾಡಿದೆವು. ತಿಂಗಳ ಬಾಡಿಗೆ ಮೊದಲೇ ಕಟ್ಟಿ ಆಗಿತ್ತು. ಬಂದ್ ಮಾಡಿ ಉಳಿಸಿದ್ದು ಏನೂ ಇರಲಿಲ್ಲ. ಕೆಲಸ ಮುಗಿಯಿತು ಎಂಬ ಸಮಾಧಾನಕ್ಕೆ ಮಾಡಿದ್ದು, ಅಷ್ಟೇ.

ಅದೇ ಸಂಜೆ ಹೊಳೆಗೆ ಹೆಚ್ಚು ನೀರು ಬಿಡುವ ಪ್ರಕಟಣೆ ಬಂತು. ನಮ್ಮಲ್ಲೊಬ್ಬಳು ಏಳೂವರೆಗೆ ಅದನ್ನು ನೀರಿನ ಪುಟಕ್ಕೆ ಹಾಕಿದಳು. ತನ್ನ ಫೋನಿನಲ್ಲಿ ತೆರೆದು ನೋಡಿದಳು, ತೆರೆಯಿತು. ಕರಡಿಯನ್ನು ನೋಡಿದಳು, ಹಸಿರು. ನಾವು ಊಟ ಮಾಡಿ ಮಲಗಿದೆವು.

ಕಾಕಾ ರಾತ್ರಿ ಒಂಬತ್ತಕ್ಕೆ ಪುಟ ತೆರೆಯಲು ನೋಡಿದರು. ಅವರ ಸಿಮ್ ಕಂಪನಿಯ ಚಹಾದಂಗಡಿಗೆ ನಮ್ಮ ಹಳೆಯ ವಿಳಾಸವೇ ನೆನಪಿತ್ತು. ಅಂದು ಬೆಳಿಗ್ಗೆ ಯಾರೋ ಕೇಳಿದ್ದರಿಂದ ಮರುದಿನ ಬೆಳಿಗ್ಗೆಯವರೆಗೆ ನೆನಪಿಟ್ಟುಕೊಳ್ಳಲು ನಾವೇ ಬರೆದುಕೊಟ್ಟಿದ್ದೆವಲ್ಲ, 86,400 ಸೆಕೆಂಡ್. ಅದು ಹೇಳಿದ ಮನೆಗೆ ಕಾಕಾನ ಫೋನು ಹೋಯಿತು. ಆ ಮನೆಗೆ ನಾವು ಸಂಜೆಯೇ ಬೀಗ ಹಾಕಿದ್ದೆವು. ಫೋನು ಸ್ವಲ್ಪ ಹೊತ್ತು ತಿರುಗಿ, ಸೈಟ್ ತಲುಪಲಾಗುತ್ತಿಲ್ಲ ಎಂದಿತು.

ಊರೊಳಗೆ ಡಂಗುರ ಹೊಡೆದಿದ್ದರು. ತೋಟದ ಮನೆಯಲ್ಲಿದ್ದ ಕಾಕಾನಿಗೆ ಅದು ಕೇಳಿಸಲಿಲ್ಲ. ಅವರ ಮಗನ ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ಇತ್ತು, ಅದರಲ್ಲಿ ಪುಟ ತೆರೆದಿತ್ತು. ಆದರೆ ಅವನು ಆ ರಾತ್ರಿ ಬೇರೆ ಊರಿನಲ್ಲಿದ್ದ. ಅಪ್ಪ ನೋಡಿಯೇ ಇರುತ್ತಾನೆ ಎಂದುಕೊಂಡಿದ್ದ.

ಆ ರಾತ್ರಿ ಇನ್ನೂ ಎಷ್ಟು ಜನರಿಗೆ ಪುಟ ಸಿಗಲಿಲ್ಲ ಎಂದು ಲೆಕ್ಕ ಹಾಕಲು ಹೋದೆವು. ಆಗಲಿಲ್ಲ. ಬಂದವರ ಲೆಕ್ಕವನ್ನು ಸರ್ವರ್ ಇಡುತ್ತದೆ. ದಾರಿ ತಪ್ಪಿ ಬರಲಾಗದವರ ಲೆಕ್ಕ ಅದರ ಹತ್ತಿರ ಇರುವುದಿಲ್ಲ. ಕರಡಿಯ ಪಟ್ಟಿಯಲ್ಲಿ ಆ ಇಡೀ ರಾತ್ರಿ ಹಸಿರೇ ಇದೆ. ಆ ಚಿತ್ರವನ್ನು ಅಳಿಸದೆ ಇಟ್ಟುಕೊಂಡಿದ್ದೇವೆ.

ಮೋಟಾರಿನ ರಿವೈಂಡಿಂಗಿಗೆ ಆದ ಖರ್ಚಿನಲ್ಲಿ ನಮ್ಮ ಹೊಸ ಸರ್ವರಿನ ಒಂದು ವರ್ಷದ ಬಾಡಿಗೆ ಮುಗಿಯುತ್ತಿತ್ತು. ನಾವು ಕೂಡಿಸಿ ಕೊಡಲು ಹೋದೆವು. ಕಾಕಾ ತೆಗೆದುಕೊಳ್ಳಲಿಲ್ಲ. “ಹೊಳಿ ನಿಮ್ಮ ಮಾತು ಕೇಳಿ ಬರತೈತೇನು? ಪುಟ ಮಾತ್ರ ನೆಟ್ಟಗ ಮಾಡ್ರಿ” ಅಂದರು.

ದೊಡ್ಡವರೂ ಎಡವಿದ್ದಾರೆ

ನಿಮಗೆ ನೆನಪಿರಬಹುದು. 2021ರ ಅಕ್ಟೋಬರ್ 4, ಸೋಮವಾರ ರಾತ್ರಿ ಒಂಬತ್ತು ದಾಟಿತ್ತು. ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತವು. ಎಷ್ಟೋ ಜನ ನೆಟ್ ಪ್ಯಾಕ್ ಮುಗಿಯಿತೆಂದು ರೀಚಾರ್ಜ್ ಮಾಡಿಸಲು ಹೊರಟಿದ್ದರು, ಫೋನು ಆಫ್ ಮಾಡಿ ಆನ್ ಮಾಡಿದರು. ಸುಮಾರು ಆರು ತಾಸು ಹಾಗೇ ಇತ್ತು.

ಕಂಪನಿಯೇ ನಂತರ ವಿವರಿಸಿತು. ದುರಸ್ತಿ ಕೆಲಸದ ವೇಳೆ ಕೊಟ್ಟ ಒಂದು ಆದೇಶದಿಂದ ಅವರ ದೊಡ್ಡ ದೊಡ್ಡ ಕಂಪ್ಯೂಟರ್ ಕೇಂದ್ರಗಳ ನಡುವಿನ ಸಂಪರ್ಕ ಕಡಿದುಹೋಯಿತು. ಸಂಪರ್ಕ ಕಳೆದುಕೊಂಡ ಅವರ ಡಿಎನ್‌ಎಸ್ ಸರ್ವರುಗಳು, ತಮ್ಮ ಕಡೆ ಬರುವ ದಾರಿಯನ್ನು ಜಗತ್ತಿಗೆ ಹೇಳುವುದನ್ನು ನಿಲ್ಲಿಸಿದವು. ಡಿಎನ್‌ಎಸ್ ಸರ್ವರುಗಳು ಕೆಲಸ ಮಾಡುತ್ತಲೇ ಇದ್ದವು, ಆದರೆ ಅವನ್ನು ತಲುಪಲು ಯಾರಿಗೂ ದಾರಿ ಇರಲಿಲ್ಲ. ಹೆಸರು ಕೇಳಿದವರಿಗೆ ಉತ್ತರ ಕೊಡುವವರೇ ಸಿಗಲಿಲ್ಲ. ತೊಂದರೆ ಎಲ್ಲಿದೆ ಎಂದು ಹುಡುಕಲು ಎಂಜಿನಿಯರುಗಳು ಬಳಸುವ ಒಳಗಿನ ಸಾಧನಗಳೂ ಅದೇ ಹೆಸರಿನ ವ್ಯವಸ್ಥೆಯ ಮೇಲೆ ನಿಂತಿದ್ದರಿಂದ ಅವೂ ಕೈಕೊಟ್ಟವು.

ನಮ್ಮ ಕರಡಿಯೂ ಹೀಗೇ ಇತ್ತು. ಬೆಂಕಿ ಬಿದ್ದರೆ ಕೂಗಬೇಕಾದವನನ್ನು ಅದೇ ಮನೆಯೊಳಗೆ ಮಲಗಿಸಿ ಹೊರಗಿನಿಂದ ಚಿಲಕ ಹಾಕಿದಂತೆ. ದೊಡ್ಡವರು ಎಡವಿದರು ಎಂದು ನಮ್ಮ ತಪ್ಪು ಸಣ್ಣದಾಗುವುದಿಲ್ಲ. ಎಡವುವ ಕಲ್ಲು ಎಲ್ಲರ ದಾರಿಯಲ್ಲೂ ಒಂದೇ ಎಂದು ತಿಳಿಯಿತು, ಅಷ್ಟೇ.

ಈಗ ಏನು ಮಾಡಿದ್ದೇವೆ

ನಮ್ಮ ಹಾಗೆ ಸ್ವಂತ ಕಾವಲು ಇಟ್ಟುಕೊಂಡಿರುವ ಸಣ್ಣ ಗುಂಪುಗಳಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇವೆ.

ಕರಡಿಯ ಕಡತದಿಂದ ನಾವು ಕೈಯಾರೆ ಬರೆದ ಸಂಖ್ಯೆಯನ್ನು ತೆಗೆದುಹಾಕಿದೆವು. ಈಗ ಅದು ಓದುಗರ ಹಾಗೇ ಹೆಸರು ಕೇಳಿಕೊಂಡು ಬರುತ್ತದೆ. ಆದರೆ ಮೂಲೆಯ ರೌಟರನ್ನು ಕೇಳುವುದಿಲ್ಲ. 1.1.1.1 ಮತ್ತು 8.8.8.8 ಎಂಬ ಎಲ್ಲರಿಗೂ ತೆರೆದಿರುವ ಎರಡು ದೊಡ್ಡ ಅಂಗಡಿಗಳ ಸಂಖ್ಯೆ ಕೊಟ್ಟಿದ್ದೇವೆ. ಒಂದು ಉತ್ತರ ಕೊಡದಿದ್ದರೆ ಇನ್ನೊಂದು.

ಒಂದೇ ಪರೀಕ್ಷೆ ಇದ್ದಲ್ಲಿ ಮೂರು ಮಾಡಿದ್ದೇವೆ. ಹೆಸರಿಗೆ ಸರಿಯಾದ ಸಂಖ್ಯೆ ಬರುತ್ತಿದೆಯೇ ಎಂಬುದು ಒಂದು. ಹೆಸರು ಬಿಟ್ಟು ನೇರ ಸಂಖ್ಯೆ ಹಿಡಿದು ಹೋದರೆ ಸರ್ವರ್ ಓಗೊಡುತ್ತದೆಯೇ ಎಂಬುದು ಎರಡು. ಹೆಸರು ಹಿಡಿದು ಹೋಗಿ ಪುಟ ತೆರೆದರೆ ಒಳಗೆ ನಾವು ಬರೆದ ಗುರುತಿನ ಪದ ಇದೆಯೇ ಎಂಬುದು ಮೂರು. ಮೊದಲನೆಯದು ಮತ್ತು ಮೂರನೆಯದು ಕೆಂಪಾಗಿ ಎರಡನೆಯದು ಹಸಿರಿದ್ದರೆ ಹೆಸರಿನ ತೊಂದರೆ. ಎರಡನೆಯದು ಮತ್ತು ಮೂರನೆಯದು ಕೆಂಪಾದರೆ ಸರ್ವರಿನ ತೊಂದರೆ. ಈಗ ಯಾರನ್ನು ಬೈಯಬೇಕು ಎಂಬುದು ಬೈಯುವ ಮೊದಲೇ ಗೊತ್ತಾಗುತ್ತದೆ.

ಒಂದೇ ಸಲ ತಪ್ಪಿದರೆ ಕರಡಿ ಕೂಗುವುದಿಲ್ಲ. ಮೂರು ಸಲ ಮತ್ತೆ ಕೇಳಿ ನೋಡುತ್ತದೆ. ಅಲ್ಲಿಯವರೆಗೆ ಗೆರೆ ಹಸಿರೂ ಅಲ್ಲ, ಕೆಂಪೂ ಅಲ್ಲ, ನಡುವಿನ ಬಣ್ಣ. ಈ ಸೌಲಭ್ಯ ಮೊದಲಿನಿಂದಲೂ ಇತ್ತು, ನಾವು ಅದನ್ನು ಸೊನ್ನೆಗೆ ಬಿಟ್ಟಿದ್ದೆವು. ರೌಟರಿಗೂ ಒಂದು ಸಣ್ಣ ಬ್ಯಾಟರಿ ಕೂಡಿಸಿದ್ದೇವೆ. ಪೆಟ್ಟಿಗೆಗೆ ಹೆಸರು ಬಿಟ್ಟು ಬದಲಾಗದ ಸಂಖ್ಯೆಯನ್ನೇ ಕೊಟ್ಟಿದ್ದೇವೆ.

ಸರ್ವರ್ ಬದಲಿಸುವುದಿದ್ದರೆ ಎರಡು ದಿನ ಮೊದಲೇ ಟಿಟಿಎಲ್ ಅನ್ನು 300 ಸೆಕೆಂಡಿಗೆ, ಅಂದರೆ ಐದು ನಿಮಿಷಕ್ಕೆ ಇಳಿಸುತ್ತೇವೆ. ಹಳೆಯ ಮನೆಗೆ ಬೀಗ ಹಾಕುವುದು ವಾರದ ನಂತರ. ಅಲ್ಲಿಯವರೆಗೆ ಎರಡೂ ಕಡೆ ಅದೇ ಅಂಕಿ ಬರೆಯುತ್ತೇವೆ. ಮಳೆಗಾಲದಲ್ಲಂತೂ ಮನೆ ಬದಲಿಸುವುದೇ ಇಲ್ಲ.

ಇನ್ನು ಓದುಗರಿಗೆ. ನೀರಿನ ಪುಟದ ತುದಿಯಲ್ಲಿ ಕೊನೆಯದಾಗಿ ಬರೆದ ದಿನ, ಗಂಟೆ ಹಾಕುತ್ತಿದ್ದೇವೆ. ಅಂಕಿಗಿಂತ ಮೊದಲು ಅದನ್ನು ನೋಡಿ. ಪುಟ ತೆರೆಯದಿದ್ದರೆ ನೀರು ಬಿಟ್ಟಿಲ್ಲ ಎಂದು ತಿಳಿಯಬೇಡಿ, ಬಿಟ್ಟಿದ್ದಾರೆ ಎಂದೂ ತಿಳಿಯಬೇಡಿ. ಬೇರೆ ಸಿಮ್ ಇರುವ ಫೋನಿನಲ್ಲಿ ನೋಡಿ, ಊರಲ್ಲಿ ಯಾರನ್ನಾದರೂ ಕೇಳಿ, ನಮಗೆ ಕರೆ ಮಾಡಿ. ಡಂಗುರ ಮತ್ತು ಅಧಿಕಾರಿಗಳ ಸೂಚನೆ ಮೊದಲು, ನಮ್ಮ ಪುಟ ಆಮೇಲೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆಗೆ ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ. ಮೊದಲು ಅಂಕಿ ಬದಲಾದಾಗ ಮಾತ್ರ ಬರೆಯುತ್ತಿದ್ದೆವು. ಈಗ ಮಳೆಗಾಲದುದ್ದಕ್ಕೂ ಪ್ರತಿ ರಾತ್ರಿ 8 ಗಂಟೆಗೆ ಬರೆಯುತ್ತೇವೆ, ವಾಟ್ಸಾಪ್ ಗುಂಪಿಗೂ ಹಾಕುತ್ತೇವೆ. ಏನೂ ಇಲ್ಲದಿದ್ದರೆ ‘ಇಂದು ಬದಲಾವಣೆ ಇಲ್ಲ’ ಎಂದೇ ಬರೆಯುತ್ತೇವೆ. ಇಲ್ಲ ಎಂಬುದನ್ನೂ ಬಾಯಿಬಿಟ್ಟು ಹೇಳಿದರೆ, ಸದ್ದಿಲ್ಲದ ರಾತ್ರಿಗೆ ಯಾರೂ ತಾವೇ ಅರ್ಥ ಕಟ್ಟಿಕೊಳ್ಳುವುದಿಲ್ಲ.

ಬರೆಯುವ ನಮ್ಮ ಕಸುಬಿಗೂ ಇದು ತಟ್ಟಿದೆ. ಅಧಿಕಾರಿಗೆ ಒಂದು ಸಲ ಫೋನ್ ಹಚ್ಚಿ, ಅವರು ಎತ್ತದಿದ್ದರೆ ‘ಪ್ರತಿಕ್ರಿಯೆಗೆ ಸಿಗಲಿಲ್ಲ’ ಎಂದು ಬರೆದು ನಾವು ಕೈತೊಳೆದುಕೊಂಡದ್ದಿದೆ. ನಂಬರ್ ಸರಿ ಇತ್ತೇ, ಎಷ್ಟು ಸಲ ಹಚ್ಚಿದೆವು, ಯಾವ ಹೊತ್ತಿನಲ್ಲಿ? ನಮ್ಮ ಕಡೆಯ ಚಹಾದಂಗಡಿ ಮುಚ್ಚಿದ್ದಕ್ಕೆ ಅವರ ಮನೆಗೆ ಕೆಂಪು ಗೆರೆ ಎಳೆದದ್ದು ಎಷ್ಟು ಸಲವೋ. ಈಗ ಯಾವ ನಂಬರಿಗೆ, ಎಷ್ಟು ಸಲ, ಯಾವಾಗ ಎಂದು ಬರೆದಿಟ್ಟುಕೊಳ್ಳುತ್ತೇವೆ.

ಕಳೆದ ತಿಂಗಳು ಒಂದು ರಾತ್ರಿ ಎಂಟು ಗಂಟೆ ಹತ್ತು ನಿಮಿಷಕ್ಕೆ ಕಾಕಾನ ಫೋನು ಬಂತು. “ಎಂಟಾಗಿ ಹತ್ತು ನಿಮಿಷ ಆತ್ರಪಾ, ಇನ್ನೂ ಬಂದಿಲ್ಲ. ಏನಾತು?”

ಗಡಬಡಿಸಿ ಕರಡಿಯನ್ನು ನೋಡಿದೆವು. ಮೂರೂ ಹಸಿರು. ಹೆಸರು ಸರಿ, ಸರ್ವರ್ ಸರಿ, ಪುಟ ಸರಿ. ಅಂದು ಬರೆಯುವ ಪಾಳಿ ಇದ್ದವನು ಮದುವೆ ಮನೆಯಿಂದ ಬಂದು ದಣಿದು ನಿದ್ದೆ ಹೋಗಿದ್ದ.

ಎಬ್ಬಿಸಿದೆವು. ಎಂಟೂಕಾಲಿಗೆ ಬರೆದ: ‘ಇಂದು ಬದಲಾವಣೆ ಇಲ್ಲ.’